ಕೊನೆಗೆ ಕೈ ಬೀಸುವವಳು

“ತಾತಾ, ನಿಲ್ಲಿಸ್ರಿ. ತಲಿ ತಿರಗಾಕ ಹತ್ತೈತಿ.”

ಗಾದೆಮ್ಮ ಸಿನಿಮಾ ಡಬ್ಬಿಯ ಕಿಂಡಿಯಿಂದ ಮುಖ ತೆಗೆದು, ಶಾಲೆಯ ಗೋಡೆ ಹಿಡಿದು ಕುಳಿತಳು. ಬಾಯಲ್ಲಿ ಹುಳಿ ನೀರು ಬಂತು.

ಅವಳ ಕ್ಲಾಸಿನ ಜಡೆಪ್ಪ ನಕ್ಕ. “ಬಸ್ಸಿನಾಗ ಕಕ್ಕೋರನ್ನ ನೋಡೀನಿ. ಡಬ್ಬಿ ನೋಡಿ ಕಕ್ಕಾಕಿ ನೀ ಒಬ್ಬಾಕೀನ ಲೇ.”

ಡಬ್ಬಿ ತೋರಿಸುವ ಇಮಾಮಸಾಬ್ ತಾತ ಇವತ್ತೇ ಊರು ಬಿಟ್ಟು ಕುರುಗೋಡಿಗೆ ಹೊರಡುತ್ತಾನೆ. ಅದರೊಳಗೆ ಒಂದು ತುಂಡು ರೀಲು. ತಾತ ಹಿಡಿಕೆ ತಿರುವಿದರೆ ರೈಲು ಓಡುತ್ತದೆ. ಮರ ಬರುತ್ತದೆ, ಸೇತುವೆ ಬರುತ್ತದೆ.

“ಕೊನಿಗೆ ಕಿಟಕ್ಯಾಗ ಒಬ್ಬಾಕಿ ಕೈ ಬೀಸ್ತಾಳ ನೋಡು, ಥೇಟ್ ನನ್ನಂಗ” ಎಂದು ನಾಗಕ್ಕ ಹೇಳಿದ್ದಳು. ಅಕ್ಕ ಮದುವೆಯಾಗಿ ಸಿರುಗುಪ್ಪಕ್ಕೆ ಹೋಗಿ ಮೂರು ತಿಂಗಳಾಯಿತು. ಗಾದೆಮ್ಮ ಮಾತ್ರ, ನೋಡಿದಾಗಲೆಲ್ಲ ತಲೆ ತಿರುಗಿ, ಇನ್ನೂ ಸೇತುವೆಯನ್ನೇ ದಾಟಿರಲಿಲ್ಲ.

ಅವಳು ತಾತನ ಕೈಯನ್ನೇ ನೋಡುತ್ತ ಕುಳಿತಳು. ಜಡೆಪ್ಪನಿಗೆ ತೋರಿಸುವಾಗ ಆ ಕೈ ಗರಗರ ತಿರುಗಿತು. ತನಗೆ ತೋರಿಸುವಾಗ ಡಬ್ಬಿ ಟಕ್... ಟಕ್... ಎನ್ನುತ್ತಿತ್ತು. ರೈಲು ಕುಂಟುತ್ತಿತ್ತು.

“ತಾತಾ, ನನಗ್ಯಾಕ ನಿಧಾನ ತಿರುವ್ತೀರಿ?”

“ಸಣ್ಣಾಕಿ ಅದೀಯಲ್ಲವ್ವಾ. ಹೆಚ್ಚೊತ್ತು ನೋಡ್ಲಿ ಅಂತ.”

“ಜಲ್ದಿ ತಿರುವ್ರಿ.”

“ಜಲ್ದಿ ಮುಗದು ಹೋಗ್ತೈತಿ. ಆಮ್ಯಾಲ ಅಳಬ್ಯಾಡ.”

“ಅಳಂಗಿಲ್ಲ.”

ಈ ಸಲ ರೈಲು ನೀರಿನಂತೆ ಹರಿಯಿತು. ಸೇತುವೆ ದಾಟಿತು. ಹೊಟ್ಟೆ ಸುಮ್ಮನಿತ್ತು. ಕಿಟಕಿಯಲ್ಲಿ ಒಬ್ಬಳು ಬಂದಳು. ಮೂಗು ಅಕ್ಕನದರಂತೆ ಇರಲಿಲ್ಲ. ಆದರೆ ಅವಳು ಕೈ ಎತ್ತಿ ಬೀಸಿದಾಗ ಬಳೆಗಳು ಮೊಣಕೈವರೆಗೆ ಜಾರಿದವು, ಅಕ್ಕನವು ಜಾರುವ ಹಾಗೆಯೇ.

ಅಷ್ಟರಲ್ಲಿ ಎಲ್ಲ ಬೆಳ್ಳಗಾಯಿತು.

ಅಕ್ಕನನ್ನು ಕೂರಿಸಿಕೊಂಡು ಸಿರುಗುಪ್ಪದ ಬಸ್ಸು ಹೊರಟ ದಿನ ಗಾದೆಮ್ಮ “ನಿಧಾನ ಹೋಗ್ರಿ, ನಿಧಾನ” ಎನ್ನುತ್ತ ಅದರ ಹಿಂದೆ ಓಡಿದ್ದಳು.

“ಮುಗೀತವ್ವಾ” ಎಂದ ತಾತ. “ಆಕಿನ್ನ ಇನ್ನೊಮ್ಮಿ ನಿಧಾನ ತೋರಿಸ್ಲೇನು?”

ಗಾದೆಮ್ಮ ಯೋಚಿಸಿದಳು. ನಿಧಾನ ತಿರುವಿದರೆ ಅವಳು ಹೆಚ್ಚು ಹೊತ್ತು ಇರುತ್ತಾಳೆ. ಆದರೆ ಆ ಕೈ ಬೀಸುವುದಿಲ್ಲ, ಕುಂಟುತ್ತದೆ.

“ಬ್ಯಾಡ್ರಿ, ತಾತಾ.”

ತಾತ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿ ಹೊರಟ. ಅವನು ಓಣಿಯ ಮೂಲೆ ತಿರುಗುವವರೆಗೂ ಗಾದೆಮ್ಮ ಕೈ ಬೀಸುತ್ತಲೇ ಇದ್ದಳು. ಈ ಸಲ ಹಿಂದೆ ಓಡಲಿಲ್ಲ.