ಗಾಲಿ ಮುಟ್ಟದ ಬೆಂಕಿ

ಬಹಳ ಬಹಳ ಹಿಂದೆ, ಕಬ್ಬಿಣಕ್ಕೂ ಕಿವಿಯಿದ್ದ ಕಾಲದಲ್ಲಿ, ಬಟ್ಟಲುಸೀಮೆ ಎಂಬ ರಾಜ್ಯವಿತ್ತು. ಸುತ್ತಲೂ ಘಟ್ಟ, ನಡುವೆ ಊರು. ಹಾಲಿತ್ತು, ಜೇನಿತ್ತು, ಕಣಜದ ತುಂಬ ರಾಗಿಯಿತ್ತು. ಉಪ್ಪು ಮಾತ್ರ ಇರಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರಲ್ಲ, ಏಳು ವರ್ಷ ಸಪ್ಪೆ ಸಾರು ಉಂಡವರನ್ನು ಕೇಳಿ ನೋಡಿ, ಆ ಗಾದೆಯ ಅರ್ಥವನ್ನು ಅಳುತ್ತಾ ಹೇಳುತ್ತಾರೆ.

ಉಪ್ಪು ಘಟ್ಟದ ಆಚೆ, ಕಡಲ ದಡದಲ್ಲಿ ರಾಶಿರಾಶಿ ಬಿದ್ದಿತ್ತು. ಆದರೆ ಘಟ್ಟದ ನೆತ್ತಿಯ ಮೇಲೆ ತೂಕದಯ್ಯ ಎಂಬ ಮಾಂತ್ರಿಕ ಕೂತಿದ್ದ. ಬೇಕೆಂದಾಗ ಬೆಟ್ಟದಷ್ಟು ಭಾರವಾಗುವ ವಿದ್ಯೆ ಅವನದು. ಗಾಡಿ ಬಂದರೆ ಎತ್ತುಗಳನ್ನು ಇಲಿ ಮಾಡುತ್ತಿದ್ದ. ಘಟ್ಟಕ್ಕೆ ಹಾಸಿದ ಕಬ್ಬಿಣದ ಹಳಿಯ ಮೇಲೆ ಯಂತ್ರ ಬಂದರೆ ಒಂದೇ ಮಂತ್ರ: "ಬೆಂಕಿಯ ಕೈ ಗಾಲಿ ಮುಟ್ಟಿದರೆ ಆ ಕೈ ಮುರಿಯಲಿ!" ಸೋತ ಕಮ್ಮಾರ ಹಳಿಯ ಪಕ್ಕದಲ್ಲಿ ಕಲ್ಲಾಗಿ ನಿಲ್ಲಬೇಕು. "ಹೊತ್ತು ಮುಳುಗುವುದರೊಳಗೆ ಉಪ್ಪು ಬಟ್ಟಲುಸೀಮೆ ಸೇರಿದರೆ ನನ್ನ ಮಾಟವೆಲ್ಲ ಬಿಚ್ಚಿಹೋಗಲಿ" ಎಂದು ಜಂಬದಲ್ಲಿ ಪಣವನ್ನೂ ಕಟ್ಟಿದ್ದ.

ಕಡಲ ದಡದ ಕಮ್ಮಾರಕೇರಿಯ ಹುಡುಗಿ ಸಾತವ್ವ. ಅವಳ ತಾತ ಮಲ್ಲೋಜ ಮಾಡಿದ ಯಂತ್ರ ಕಲ್ಲಿದ್ದಲು ತಿಂದು, ನೀರು ಕುಡಿದು, ಹಬೆ ಉಗುಳುತ್ತಿತ್ತು. ಅದರ ಕಬ್ಬಿಣದ ತೋಳು ಗಾಲಿಯನ್ನೇ ಹಿಡಿದು ತಿರುಗಿಸುತ್ತಿತ್ತು. ಮಂತ್ರಕ್ಕೆ ತೋಳು ಮುರಿಯಿತು, ತಾತ ಕಲ್ಲಾದ. ಅಪ್ಪ ದಾಸೋಜ ಡೀಸೆಲ್ ಕುಡಿಯುವ ಎರಡನೆಯ ಯಂತ್ರ ಮಾಡಿ, ತೋಳಿನ ಬದಲು ಹಲ್ಲುಚಕ್ರಗಳನ್ನಿಟ್ಟ. ಮಂತ್ರಕ್ಕೆ ಹಲ್ಲು ಉದುರಿದವು, ಅಪ್ಪನೂ ಕಲ್ಲಾದ.

ಸಾತವ್ವ ಅಳಲಿಲ್ಲ ಎಂದರೆ ಸುಳ್ಳು. ಚೆನ್ನಾಗಿಯೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಉದುರಿದ ಹಲ್ಲುಗಳನ್ನು ಆರಿಸಿ ತಂದು, ಮೂರು ವರ್ಷ ಕುಲುಮೆಯ ಮುಂದೆ ಕೂತು ಮೂರನೆಯ ಯಂತ್ರ ಕಟ್ಟಿದಳು. ಅದಕ್ಕೆ ರಾಜರ ಹಾಗೆ ಮುಮ್ಮಡಿ ಎಂದು ಹೆಸರಿಟ್ಟಳು. ಮುಮ್ಮಡಿಗೆ ಮಾತೂ ಬರುತ್ತಿತ್ತು, ಹಸಿವಾದಾಗ ತುಸು ಜಾಸ್ತಿಯೇ ಬರುತ್ತಿತ್ತು.

ಬೆಳಗಾಯಿತು. ಮುಮ್ಮಡಿಯ ಹಿಂದೆ ಅರವತ್ತು ಬಂಡಿ ಉಪ್ಪು ಕಟ್ಟಿದ್ದಾಯಿತು. ಅಜ್ಜಿ ಕೆಂಚಮ್ಮ ರೊಟ್ಟಿಯ ಬುಟ್ಟಿ ಹಿಡಿದು ಹತ್ತಿಯೇಬಿಟ್ಟಳು.

"ನೀನ್ಯಾಕಜ್ಜಿ?" ಎಂದಳು ಸಾತವ್ವ.

"ನನ್ ಗಂಡ ಗುಡ್ಡದ ಮ್ಯಾಲೆ ಏಳು ವರ್ಷದಿಂದ ನಿಂತವ್ನೆ. ಕಾಲು ನೋಯ್ತಿರ್ತದೆ ಕಣ್ ಮಗಾ. ನಡಿ ನಡಿ."

ಮುಮ್ಮಡಿ ಗುಡುಗಿ ಹೊರಟಿತು. ಘಟ್ಟದ ಬುಡದಲ್ಲೇ ತೂಕದಯ್ಯ ಎದುರಾದ. "ಬೆಂಕಿಯ ಕೈ ಗಾಲಿ ಮುಟ್ಟಿದರೆ ಆ ಕೈ ಮುರಿಯಲಿ!" ಎಂದ. ಏನೂ ಮುರಿಯಲಿಲ್ಲ. ಮಾಂತ್ರಿಕ ಬಗ್ಗಿ ಗಾಲಿಗಳ ನಡುವೆ ಇಣುಕಿದ. "ಕೈ ಎಲ್ಲೇ?"

"ಕೈಯೇ ಇಲ್ಲ ಕಣಯ್ಯ" ಎಂದಳು ಸಾತವ್ವ. "ಬೆಂಕಿ ಮೇಲ್ಗಡೆ ಜನರೇಟರ್ ತಿರುಗಿಸ್ತದೆ, ಅಷ್ಟೇ ಅದರ ಕೆಲ್ಸ. ಅದ್ರಿಂದ ಮಿಂಚು ಹುಟ್ತದೆ. ಮಿಂಚು ತಾಮ್ರದ ತಂತೀಲಿ ಇಳಿದು, ಆರು ಅಚ್ಚಿನ ಹತ್ರ ಇರೋ ಆರು ಮೋಟಾರು ತಿರುಗಿಸ್ತದೆ. ಬೆಂಕಿಗೆ ಗಾಲಿಯ ಮುಖಾನೇ ಗೊತ್ತಿಲ್ಲ!"

ತೂಕದಯ್ಯ ಹಲ್ಲು ಕಡಿಯುತ್ತಾ ದಾರಿ ಬಿಟ್ಟ. ಆದರೆ ಅರ್ಧ ಘಟ್ಟ ಏರುವಷ್ಟರಲ್ಲಿ ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗತೊಡಗಿದವು. ಮುಮ್ಮಡಿ ಒಂದು ಗೇಣೂ ಮುಂದೆ ಹೋಗಲಿಲ್ಲ.

"ಏನು ಮಾಟ ಮಾಡಿದ್ಯೋ?" ಎಂದು ಸಾತವ್ವ ಕೂಗಿದಳು.

"ಇದು ನಾನಲ್ಲ ಕಣೇ!" ಎಂದ ಹಿಂದೆಯೇ ಬಂದಿದ್ದ ಮಾಂತ್ರಿಕ, ಅವನಿಗೂ ಆಶ್ಚರ್ಯ.

ಸಾತವ್ವ ಇಳಿದು ಹಳಿ ಮುಟ್ಟಿ ಮೂಸಿದಳು. ಹರಳೆಣ್ಣೆ! ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಆಕಾಶ ನೋಡುತ್ತಿದ್ದಳು.

"ಹೊಸ ಸಾಮಾನು ಹೊರಡೋ ದಿನ ಎಣ್ಣೆ ಹಚ್ಚದೆ ಕಳ್ಸಕ್ಕಾಯ್ತದಾ? ನಮ್ಮ ಕೇರಿ ಪದ್ಧತಿ ಕಣವ್ವ. ಹೆಂಗಸ್ರೆಲ್ಲ ಸೇರಿ ನಿನ್ನೆ ಹಳೀಗೂ ಹಚ್ಚಿ, ಕುಂಕುಮ ಇಟ್ಟು ಬಂದೋ."

"ಅಯ್ಯೋ ಅಜ್ಜಿ! ಸುತ್ತಿಗೆಗೆ ಹಚ್ಚೋ ಎಣ್ಣೆ ಹಳೀಗೆ ಹಚ್ತಾರಾ? ಹೊತ್ತು ನೆತ್ತಿ ದಾಟ್ತು. ಅಪ್ಪ ಅಲ್ಲೇ ಕಲ್ಲಾಗಿ ಉಳೀತಾನೆ, ಪಕ್ಕದಲ್ಲಿ ನಾನೂ!" ಎಂದಳು ಸಾತವ್ವ.

ಅಜ್ಜಿಯ ಮುಖ ಸಣ್ಣದಾಯಿತು. "ಹಾವುಮೀನು ಕೈಯಿಂದ ಜಾರಿದ್ರೆ ಬೂದಿ ಹಚ್ಕೊಂಡು ಹಿಡೀತೀವಿ" ಎಂದಳು.

ಸಾತವ್ವನ ಕಣ್ಣು ಹೊಳೆಯಿತು. ಎರಕ ಹೊಯ್ಯಲು ತಂದ ಒಣ ಮರಳಿನ ಪೆಟ್ಟಿಗೆ ಮುಮ್ಮಡಿಯ ಮೂಗಿನೊಳಗೇ ಇತ್ತು. ಅದಕ್ಕೊಂದು ಕೊಳವೆ ಸಿಕ್ಕಿಸಿ, ಗಾಲಿಯ ಮುಂದೆ ಹಳಿಯ ಮೇಲೆ ಮರಳು ಉದುರುವಂತೆ ಮಾಡಿದಳು. ಗಾಲಿ ಗರಗರ ಎಂದು ಹಳಿಯನ್ನು ಕಚ್ಚಿತು. ಘಟ್ಟದ ನೆತ್ತಿಯಲ್ಲಿ ಎರಡು ಕಲ್ಲುಗಳನ್ನು ದಾಟುವಾಗ ಅಜ್ಜಿ, "ಬತ್ತೀನಿ ಇರಿ!" ಎಂದು ಕೈ ಬೀಸಿದಳು.

ಏರುವುದು ಕಷ್ಟ ಅನ್ನುತ್ತಾರೆ. ಅರವತ್ತು ಬಂಡಿ ಉಪ್ಪು ಬೆನ್ನ ಹಿಂದಿದ್ದರೆ ಇಳಿಯುವುದು ಅದಕ್ಕಿಂತ ಕಷ್ಟ. ಇಳಿಜಾರು ಶುರುವಾಗುತ್ತಲೇ ತೂಕದಯ್ಯ ಮುಮ್ಮಡಿಯ ನೆತ್ತಿಗೆ ಹಾರಿ, ಚಕ್ಕಳಮಕ್ಕಳ ಹಾಕಿ ಕೂತು ಭಾರವಾಗತೊಡಗಿದ. ಆನೆಯಷ್ಟಾದ, ನೂರಾನೆಯಷ್ಟಾದ. ಗಾಲಿ ಒತ್ತುವ ಬ್ರೇಕುಗಳು ಕೆಂಪಗೆ ಕಾದು ಹೊಗೆಯಾಡಿದವು.

"ಸಾತವ್ವಾ, ಕಣಿವೆ ಬಂತು, ಹಾರ್ತೀನಿ ನಾನು!" ಎಂದು ಮುಮ್ಮಡಿ ಅರಚಿತು.

"ಹಾರ್ಬೇಡ! ಮೋಟಾರುಗಳಿಗೆ ತಂತಿಯ ದಾರಿ ಬದಲಿಸ್ತೀನಿ. ಇಷ್ಟೊತ್ತು ಅವು ಗಾಲಿ ತಿರುಗಿಸಿದ್ವು. ಈಗ ಗಾಲಿಯೇ ಅವನ್ನ ತಿರುಗಿಸ್ಲಿ!"

ಸಾತವ್ವ ಹಿಡಿಯನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿದಳು. ಗಾಲಿಗಳು ಮೋಟಾರುಗಳನ್ನು ತಿರುಗಿಸಿದವು, ಮೋಟಾರುಗಳು ಮಿಂಚು ಹುಟ್ಟಿಸಿದವು. ಗಟ್ಟಿ ಹಿಟ್ಟು ಒರಳುಗುಂಡನ್ನು ತಡೆಯುವ ಹಾಗೆ ಆ ಕೆಲಸವೇ ಗಾಲಿಯ ಓಟವನ್ನು ತಡೆಯಿತು. ಹುಟ್ಟಿದ ಮಿಂಚೆಲ್ಲ ನೆತ್ತಿಯ ಮೇಲಿನ ಸುರುಳಿ ತಂತಿಗಳಿಗೆ ಏರಿ ಬಿಸಿಯಾಯಿತು. ತೂಕದಯ್ಯ ಕೂತಿದ್ದದ್ದು ಅಲ್ಲೇ.

"ಉಫ್" ಎಂದ ಮೊದಲು. ಸಿಟ್ಟಿನಿಂದ ಇನ್ನಷ್ಟು ಭಾರವಾದ. ಭಾರವಾದಷ್ಟೂ ಗಾಲಿಯ ಒತ್ತಡ ಹೆಚ್ಚಿತು, ಒತ್ತಡ ಹೆಚ್ಚಿದಷ್ಟೂ ತಂತಿ ಕಾಯಿತು. "ಅಯ್ಯಯ್ಯೋ, ಉರಿ! ಇಳಿಸ್ರೋ!" ಎಂದು ಬೊಬ್ಬೆ ಹಾಕಿದ. ಎದ್ದು ಹಾರೋಣವೆಂದರೆ ಅಷ್ಟು ಭಾರ ಏಳುವುದುಂಟೇ? ಹಗುರಾದ, ಇನ್ನೂ ಹಗುರಾದ, ಗಾಬರಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನೇ ಮರೆತು ಬೂರುಗದ ಹತ್ತಿಯಷ್ಟು ಹಗುರಾದ. ಗಾಳಿ ಬಂತು, ಹೊತ್ತುಕೊಂಡು ಹೋಯಿತು.

ಸೂರ್ಯನ ಅಂಚು ಇನ್ನೂ ಕಾಣುತ್ತಿದ್ದಾಗಲೇ ಮುಮ್ಮಡಿ ಬಟ್ಟಲುಸೀಮೆಯ ಹೆಬ್ಬಾಗಿಲು ಸೇರಿ, "ಹಸಿವು!" ಎಂದಿತು. ಊರೂರೇ ಕುಣಿಯಿತು. ಇಲಿಗಳು ಎತ್ತುಗಳಾದವು. ಘಟ್ಟದಿಂದ ಇಬ್ಬರು ಗಂಡಸರು ಮೈಮೇಲಿನ ಹಾವಸೆ ಕೊಡವುತ್ತಾ ಓಡೋಡಿ ಇಳಿದು ಬಂದರು. ಸಾತವ್ವ ಅಪ್ಪನ ಕೊರಳಿಗೆ ಜೋತುಬಿದ್ದಳು. ಅವನು ಮಗಳ ಭುಜದ ಮೇಲಿಂದ ಮುಮ್ಮಡಿಯನ್ನು ನೋಡಿ, "ಹಲ್ಲು ಎಲ್ಲಿಟ್ಟೆ ಮಗಳೇ?" ಎಂದು ಕೇಳಿದ. ಕಮ್ಮಾರನಲ್ಲವೇ!

ಅಂದು ಅರಮನೆಯ ಅಂಗಳದಲ್ಲಿ ಊರಿಗೆಲ್ಲ ಊಟ. ಸಾರಿನ ಕೊಪ್ಪರಿಗೆಗೆ ಕೆಂಚಮ್ಮನೇ ಕೈಯಾರೆ ಉಪ್ಪು ಹಾಕಿದಳು, ಖುಷಿಗೆ ಕೈ ತಡೆಯದೆ ಮೂರು ಸಲ ಹಾಕಿದಳು. ಏಳು ವರ್ಷ ಕಲ್ಲಾಗಿದ್ದ ಮಲ್ಲೋಜ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿ, ಹೆಂಡತಿಯ ಕಡೆ ನೋಡಿದ.

"ಉಪ್ಪು ಜಾಸ್ತಿ ಆಯ್ತಲ್ಲೇ, ಕೆಂಚಿ!"

ಬಟ್ಟಲುಸೀಮೆಯಲ್ಲಿ ಅಷ್ಟು ಸಿಹಿಯಾದ ಮಾತನ್ನು ಯಾರೂ ಕೇಳಿರಲಿಲ್ಲ.