ಖೋ-ಖೋ ಟೀಮಿನ ಕೋಮಲಾ ಮೇಡಂ

ಕೋಮಲಾ ಅವನನ್ನು ಮೊದಲ ಸಲ ನೋಡಿದಾಗ ಅಟೆಂಡರ್ ಅಂದುಕೊಂಡಳು.

ಹಾಗೆ ಅಂದುಕೊಳ್ಳುವಂತೆಯೇ ಅವನೂ ಇದ್ದ. ಮಾಸಿದ ಟ್ರ್ಯಾಕ್ ಪ್ಯಾಂಟು, ತಲೆಗೆ ಸುತ್ತಿದ ಟವೆಲ್ಲು, ಕೈಯಲ್ಲಿ ಸಲಿಕೆ. ವಿಶ್ವವಿದ್ಯಾಲಯದ ಮೈದಾನದಲ್ಲಿ ಒಬ್ಬನೇ ಬಗ್ಗಿಕೊಂಡು ಖೋ-ಖೋ ಕಂಬದ ಬುಡಕ್ಕೆ ಮಣ್ಣು ತುಂಬುತ್ತಿದ್ದ. ಅವಳು ಹೊಸದಾಗಿ ಕೋಚ್ ಆಗಿ ಬಂದಿದ್ದ ತಂಡದ ಹುಡುಗಿಯರು ಬರುವ ಹೊತ್ತಾಗಿತ್ತು. ಕೋರ್ಟಿನಲ್ಲಿ ಗೆರೆಗಳೇ ಇರಲಿಲ್ಲ.

“ಸ್ವಲ್ಪ ಸುಣ್ಣ ಹಾಕ್ಕೊಡ್ತೀಯೇನಪ್ಪಾ? ನಡುಗೆರೆ ಮಾತ್ರ ನೆಟ್ಟಗಿರ್ಲಿ” ಎಂದಳು.

ಅವನು ತಲೆಯೆತ್ತಿದ. ಏನೋ ಹೇಳಲು ಹೊರಟು, ಅವಳ ಮುಖ ಕಂಡದ್ದೇ ಹೇಳಬೇಕಾದ್ದನ್ನು ಮರೆತವನಂತೆ ನಿಂತ. ಆಮೇಲೆ “ಸರಿ ಮೇಡಂ” ಎಂದ.

ಸುಣ್ಣದ ಬಕೆಟ್ಟು ತಂದ. ಹಗ್ಗ ಕಟ್ಟಿದ. ಅವಳು ಒಂದು ಗೆರೆ ಸೊಟ್ಟ ಎಂದಾಗ ಅಳಿಸಿ ಮತ್ತೆ ಹಾಕಿದ. ಅವನ ಮೀಸೆಯ ಕೆಳಗೆ ಒಂದು ನಗು ಅಡಗಿ ಕೂತಿತ್ತು. ಅದು ಯಾಕೆಂದು ಅವಳಿಗೆ ತಿಳಿದದ್ದು ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕರಾದ ಮಹಾಲಿಂಗಯ್ಯನವರು ಬಂದಾಗಲೇ. ಇವರು ಷಡಕ್ಷರಿ, ಹುಡುಗರ ಖೋ-ಖೋ ತಂಡದ ಕೋಚ್ ಎಂದು ಅವರು ಪರಿಚಯ ಮಾಡಿಸಿದರು. ಕೋಮಲಾಳ ಮುಖ ಕಿವಿಯವರೆಗೂ ಬಿಸಿಯಾಯಿತು. ಷಡಕ್ಷರಿ ಕೈಗಂಟಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು ನಮಸ್ಕಾರ ಮಾಡಿದ.

ಅದು ಎರಡು ಸಾವಿರದ ಆರನೇ ಇಸವಿಯ ಮಳೆಗಾಲ. ಜಿಲ್ಲೆಗೇ ಪ್ರತ್ಯೇಕವಾಗಿ ವಿಶ್ವವಿದ್ಯಾಲಯ ಬಂದು ಹೆಚ್ಚು ದಿನವಾಗಿರಲಿಲ್ಲ. ವಿಭಾಗದ ಉದ್ದನೆಯ ಗೋಡೆಯಲ್ಲಿ ಗೆದ್ದ ತಂಡಗಳ ಫೋಟೋ ಹಾಕಲೆಂದು ಮೊಳೆ ಹೊಡೆದಿದ್ದರು. ಗುಡ್ಡಗಾಡು ಓಟದ ಹುಡುಗರದೊಂದು, ಭಾರ ಎತ್ತುವ ಹುಡುಗಿಯದೊಂದು ಬಿಟ್ಟರೆ ಮಿಕ್ಕ ಮೊಳೆಗಳೆಲ್ಲ ಖಾಲಿ. ಹಳೆಯ ಮೆಡಲುಗಳೆಲ್ಲ ಹಳೆಯ ಯೂನಿವರ್ಸಿಟಿಯಲ್ಲೇ ಉಳಿದವು, ನಮ್ಮ ಚರಿತ್ರೆ ಇನ್ನು ಮೇಲೆ ಶುರುವಾಗಬೇಕು ಎಂದು ಮಹಾಲಿಂಗಯ್ಯ ನಕ್ಕರು. ಕೋಮಲಾ ಕೂಡ ನಕ್ಕಳು.

ಅವಳದೂ ಒಂದು ಮೆಡಲಿತ್ತು. ತೊಂಬತ್ತಾರರಲ್ಲಿ, ತುಮಕೂರಿನ ಕಾಲೇಜುಗಳೆಲ್ಲ ಹಳೆಯ ವಿಶ್ವವಿದ್ಯಾಲಯಕ್ಕೆ ಸೇರಿದ್ದಾಗ, ಆ ತಂಡದಲ್ಲಿ ಆಡಿ ಗೆದ್ದ ಬೆಳ್ಳಿ. ಹೊಸದಕ್ಕೆ ಅದು ಲೆಕ್ಕಕ್ಕಿಲ್ಲ, ಹಳೆಯದಕ್ಕೆ ಅವಳು ನೆನಪಿಲ್ಲ. ಆ ಫೈನಲಿನಲ್ಲಿ ಮಂಡಿ ತಿರುಚಿಕೊಂಡಿದ್ದರೂ ಆಡುತ್ತೇನೆ ಎಂದಿದ್ದಳು. ಯಾರೂ ಬೇಡ ಅನ್ನಲಿಲ್ಲ. ಮಂಡಿ ಆಮೇಲೆ ಸರಿಹೋಗಲೇ ಇಲ್ಲ. ರೈಲ್ವೆ ತಂಡದಲ್ಲಿ ಕೆಲಸ ಸಿಗುವ ಮಾತಿತ್ತು, ಅದು ಹಾಗೇ ತಪ್ಪಿತು. ನೋಡಲು ಬಂದ ಗಂಡುಗಳು ತಿಂಡಿ ತಿಂದು, ಕುಂಟುವ ಹುಡುಗಿ ಬೇಡ ಎಂದು ಹೋದರು. ಈಗ ಕುಂಟು ಅಷ್ಟಾಗಿ ಕಾಣುತ್ತಿರಲಿಲ್ಲ. ಗಂಡುಗಳು ಬರುವುದೂ ನಿಂತಿತ್ತು.

ಗುಬ್ಬಿಯಲ್ಲಿ ಅಣ್ಣ ಅಂಜನ್‌ಕುಮಾರನ ಸಂಸಾರ. ಅವಳು ತುಮಕೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿ, ಮರಳೂರಿನಲ್ಲಿ ಟೈಲರ್ ಅಂಗಡಿಯ ಮೇಲಿನ ಒಂದು ರೂಮಿನಲ್ಲಿದ್ದಳು. ವಿಶ್ವವಿದ್ಯಾಲಯದ ಹುಡುಗಿಯರ ಕೋಚಿಂಗ್ ಸ್ಕೂಲಿಗೆ ಮುಂಚೆ, ಬೆಳಗಿನ ಹೊತ್ತು. ಹಗಲೆಲ್ಲ ಮೈದಾನದಲ್ಲಿ ಕೂಗಿ ಕೂಗಿ ದನಿ ಒಡೆಯುತ್ತಿತ್ತು. ಸಂಜೆ ಬಾಗಿಲು ಹಾಕಿದ ಮೇಲೆ ಬೆಳಗಿನವರೆಗೆ ಆ ದನಿಗೆ ಕೆಲಸವೇ ಇರುತ್ತಿರಲಿಲ್ಲ. ಕೆಳಗಿನ ಹೊಲಿಗೆ ಯಂತ್ರ ನಿಂತಾಗ ಇನ್ನೊಂದು ದಿನ ಮುಗಿಯಿತು ಎಂದು ಗೊತ್ತಾಗುತ್ತಿತ್ತು, ಅಷ್ಟೆ.

ಸುಣ್ಣದ ಸಂಗತಿಯನ್ನು ಷಡಕ್ಷರಿ ಸುಲಭಕ್ಕೆ ಬಿಡಲಿಲ್ಲ. ದಿನಾ ಬೆಳಗ್ಗೆ ಅವಳು ಗೇಟು ದಾಟುವುದೇ ತಡ, ಕೈಕಟ್ಟಿ ನಿಂತು ಕೇಳುತ್ತಿದ್ದ.

“ಇವತ್ತೇನ್ ಕೆಲ್ಸ ಇದೆ ಮೇಡಂ?”

“ನೆನ್ನೆದೇ ಮುಗ್ದಿಲ್ಲ, ಹೋಗಿ” ಎಂದು ಅವಳು ಮುಖ ತಿರುಗಿಸುತ್ತಿದ್ದಳು, ನಗು ಕಾಣದಿರಲೆಂದು. ಅವನು ಆ ತಿರುಗಿದ ಮುಖವನ್ನೇ ಒಂದು ಗಳಿಗೆ ನೋಡಿ, ತನ್ನ ಹುಡುಗರ ಕಡೆ ಹೋಗುತ್ತಿದ್ದ.

ಹುಡುಗಿಯರ ವೇಗ ಹೆಚ್ಚಲೆಂದು ಅವನ ಹುಡುಗರ ಮೇಲೆ ಆಡಿಸಿದಳು. ಆಟ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಒಂದು ಟೀ ತರಿಸಿ ಬೈ-ಟು ಮಾಡಿ ಕುಡಿಯುವುದು ರೂಢಿಯಾಯಿತು. ಅವನು ಯಡಿಯೂರಿನವನೆಂದೂ, ತಾಯಿ ಸಿದ್ದಲಕ್ಷ್ಮಮ್ಮ ದೇವಸ್ಥಾನದ ಮುಂದೆ ಹಣ್ಣುಕಾಯಿ ಅಂಗಡಿ ಇಟ್ಟಿದ್ದಾರೆಂದೂ ತಿಳಿಯಿತು. ಊರೂರಿನ ಕಾಲೇಜುಗಳಲ್ಲಿ ವರ್ಷಕ್ಕೊಂದು ಕಾಂಟ್ರಾಕ್ಟ್ ಕೆಲಸ ಮಾಡಿಕೊಂಡೇ ಅವನಿಗೆ ಮೂವತ್ತನಾಲ್ಕು ದಾಟಿತ್ತು. ಗಟ್ಟಿ ಕೆಲಸವಿಲ್ಲದವನಿಗೆ ಹೆಣ್ಣು ಕೊಡುವವರಿರಲಿಲ್ಲ. ಅದನ್ನವನು ದುಃಖವಿಲ್ಲದೆ, ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ.

ಒಂದು ದಿನ ಮಳೆ ಬಂದು ಎಲ್ಲರೂ ಚದುರಿದರು. ಇಬ್ಬರೇ ಶೆಡ್ಡಿನ ಕೆಳಗೆ ನಿಂತಿದ್ದರು. ಕೋರ್ಟಿನ ಬಿಳಿ ಗೆರೆಗಳು ಕರಗಿ ಹರಿಯುವುದನ್ನು ನೋಡುತ್ತಾ ಅವನು, “ತೊಂಬತ್ತಾರರ ಸೆಮಿಫೈನಲಲ್ಲಿ ಕಂಬ ಹಿಡ್ಕೊಂಡು ಒಂದು ಡೈವ್ ಹೊಡೆದ್ರಿ. ಆ ತಮಿಳು ಹುಡ್ಗಿ ಔಟಾದ್ಮೇಲೂ ಅಲ್ಲೇ ನಿಂತಿದ್ಲು, ನಂಬೋಕಾಗ್ದೆ” ಎಂದ.

ಕೋಮಲಾ ತಿರುಗಿ ನೋಡಿದಳು. ಆ ಡೈವನ್ನು ಅವಳಲ್ಲದೆ ಇನ್ನೊಬ್ಬರು ನೆನಪಿಟ್ಟುಕೊಂಡಿರಬಹುದು ಎಂದು ಯಾವತ್ತೂ ಅನ್ನಿಸಿರಲಿಲ್ಲ.

“ನೀವೆಲ್ಲಿದ್ರಿ?”

“ಹುಡುಗ್ರ ಟೀಮಲ್ಲಿ. ಕೊನೇ ಆಟಗಾರ. ಬೆಂಚ್ ಬಿಟ್ಟು ಎದ್ದಿದ್ದೇ ಇಲ್ಲ, ನೀವು ನೋಡಿರಲ್ಲ.”

ಅವತ್ತು ಸಂಜೆ ರೂಮಿನಲ್ಲಿ ಅವಳು ದೀಪ ಹಾಕುವುದನ್ನು ಮರೆತು ಬಹಳ ಹೊತ್ತು ಕೂತಿದ್ದಳು.

ನವೆಂಬರಿನಲ್ಲಿ ಅವನಿಗೆ ಗುಲ್ಬರ್ಗಾದ ಸರ್ಕಾರಿ ಕಾಲೇಜಿಗೆ ಪರ್ಮನೆಂಟ್ ಆರ್ಡರ್ ಬಂತು. ಪಂದ್ಯಾವಳಿ ಮುಗಿಸಿ ಹೋಗಿ ಸೇರಬೇಕು. ಎಲ್ಲರಿಗೂ ಮೈಸೂರುಪಾಕು ಹಂಚಿದ. ಅವಳ ಮುಂದೆ ಡಬ್ಬಿ ಹಿಡಿದಾಗ ಮಾತ್ರ ಅವನ ಕಣ್ಣು ಡಬ್ಬಿಯ ಮೇಲೇ ಇತ್ತು. ಅವಳು ಕಂಗ್ರಾಜುಲೇಷನ್ಸ್ ಎಂದು ಒಂದು ತುಂಡು ತೆಗೆದುಕೊಂಡಳು. ಬಸ್ಸಿನಲ್ಲಿ ಅದನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದಳು.

ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಧಾರವಾಡದಲ್ಲಿ ನಡೆಯಿತು. ಹೆಸರೇ ಕೇಳದ ತಂಡವೊಂದು ಒಂದಾದ ಮೇಲೊಂದು ಪಂದ್ಯ ಗೆದ್ದು ಕ್ವಾರ್ಟರ್ ಫೈನಲಿಗೆ ಬಂದಾಗ ಬೇರೆ ಊರಿನ ಕೋಚುಗಳು ಬಂದು ಕೂತು ನೋಡತೊಡಗಿದರು. ಅದಕ್ಕೆ ಕಾರಣ ಯಶಸ್ವಿನಿ, ಕುಣಿಗಲ್ಲಿನ ಕಡೆಯ ವರ್ಷದ ಬಿ.ಎ. ಹುಡುಗಿ. ಓಡುವ ಸರದಿಯಲ್ಲಿ ಅವಳನ್ನು ಮುಟ್ಟುವುದಕ್ಕೇ ಆಗುತ್ತಿರಲಿಲ್ಲ. ಈ ಪಂದ್ಯ ಗೆದ್ದರೆ ಸೆಮಿಫೈನಲ್, ಅಲ್ಲಿಂದ ಅಖಿಲ ಭಾರತ ಪಂದ್ಯಾವಳಿ. ಗೋಡೆಯ ಮೇಲೆ ಹುಡುಗಿಯರ ಮೊದಲ ತಂಡದ ಫೋಟೋ.

ಮೊದಲ ಇನ್ನಿಂಗ್ಸಿನ ಕೊನೆಗೆ ಯಶಸ್ವಿನಿ ಸರಕ್ಕನೆ ತಿರುಗಿದವಳು ಮಂಡಿ ಹಿಡಿದು ಕುಸಿದಳು.

ಕೋಮಲಾ ಓಡಿಹೋಗಿ ಮಂಡಿ ಮುಟ್ಟಿ ನೋಡಿದಳು. ಊದಿಕೊಳ್ಳುತ್ತಿತ್ತು. “ಏನೂ ಆಗಿಲ್ಲ ಮೇಡಂ, ಪಟ್ಟಿ ಕಟ್ಟಿ. ಆಡ್ತೀನಿ” ಎಂದಳು ಹುಡುಗಿ. ಹಲ್ಲು ಕಚ್ಚಿದ ಆ ಮುಖವನ್ನು ಕೋಮಲಾ ಬಲ್ಲಳು. ಅದು ಅವಳದೇ ಮುಖವಾಗಿತ್ತು. ಮಹಾಲಿಂಗಯ್ಯ ಹಿಂದೆ ಬಂದು ನಿಂತು, ತೀರ್ಮಾನ ನಿಮ್ಮದೇ, ಆದರೆ ಇಂಥ ಅವಕಾಶ ಮತ್ತೆ ಯಾವಾಗ ಬರುತ್ತದೋ ಎಂದು ಮೆಲ್ಲಗೆ ಹೇಳಿದರು.

“ಕೂತ್ಕೋ ಕಣೇ. ನೀನು ಆಡಲ್ಲ” ಎಂದಳು ಕೋಮಲಾ.

“ಮೇಡಂ, ನಂದು ಲಾಸ್ಟ್ ಇಯರ್.”

“ಗೊತ್ತು. ನಾನು ಬೇಡ ಅಂತಿದೀನಿ.”

ಕೂದಲೆಳೆಯಲ್ಲಿ ಸೋತರು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಯಶಸ್ವಿನಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಕೋಮಲಾ ಕೊಟ್ಟ ನೀರನ್ನೂ ಕುಡಿಯಲಿಲ್ಲ. ಮಾರನೆಯ ದಿನ ಷಡಕ್ಷರಿಯ ಹುಡುಗರು ಮೂರನೇ ಸ್ಥಾನ ಗೆದ್ದರು. ಹೊಸ ವಿಶ್ವವಿದ್ಯಾಲಯಕ್ಕೆ ಖೋ-ಖೋದಲ್ಲಿ ಬಂದ ಮೊದಲ ಟ್ರೋಫಿ ಅದು.

ವಾಪಸ್ಸು ಬರುವ ರೈಲಿನಲ್ಲಿ ಹಗಲೆಲ್ಲ ಹಾಡು, ಕೇಕೆ. ಟ್ರೋಫಿ ಕೈಯಿಂದ ಕೈಗೆ ಹೋಗುತ್ತಿತ್ತು. ಅದು ತನ್ನ ಹತ್ತಿರ ಬರುವ ಮೊದಲೇ ಕೋಮಲಾ ಎದ್ದು ಬಾಗಿಲ ಬಳಿ ಹೋಗಿ ನಿಂತಳು. ಅರಸೀಕೆರೆ ದಾಟಿದ ಮೇಲೆ ಷಡಕ್ಷರಿ ಎರಡು ಕಪ್ ಟೀ ಹಿಡಿದು ಬಂದ. ನೀವು ಮಾಡಿದ್ದು ಸರಿ ಎಂದ. ಅವಳು ಹೊರಗೆ ಓಡುವ ತೆಂಗಿನ ಸಾಲುಗಳನ್ನು ನೋಡುತ್ತಲೇ ಮಾತಾಡಿದಳು. ತನಗೂ ಅವತ್ತು ಒಬ್ಬರಾದರೂ ಬೇಡ ಅಂದಿದ್ದರೆ ಎಂದಳು. ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಜೊತೆಗೆ ಆಡಿದವರಲ್ಲಿ ಒಬ್ಬರೂ ಬಂದು ನೋಡಲಿಲ್ಲ ಎಂದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಟೀ ಕುಡಿಯುವುದನ್ನು ನಿಲ್ಲಿಸಿದ.

“ನಾನು ಬಂದಿದ್ದೆ.”

“ಎಲ್ಲಿಗೆ?”

“ಆಸ್ಪತ್ರೆಗೆ. ಎರಡ್ಸಲ. ವಾರ್ಡಿನ ಬಾಗ್ಲವರೆಗೂ ಬಂದೆ. ನೀವು ಕಿಟಕಿ ಕಡೆ ನೋಡ್ತಾ ಮಲಗಿದ್ರಿ. ಹಂಗೇ ವಾಪಸ್ ಹೋದೆ.”

“ಒಳಗೆ ಬರಬಾರದಿತ್ತಾ?”

“ಏನಂತ ಬರ್ಲಿ? ನನ್ನ ಹೆಸ್ರೇ ನಿಮಗ್ಗೊತ್ತಿರ್ಲಿಲ್ಲ.”

ಅವಳಿಗೆ ಮೊದಲು ಬಂದದ್ದು ಸಿಟ್ಟು. ಆ ಒಂದು ತಿಂಗಳು, ಅದರ ಬೆನ್ನಿಗೆ ಬಂದ ಇಷ್ಟು ವರ್ಷ, ಯಾರಿಗೂ ತಾನು ಬೇಡ ಎಂದು ನಂಬಿಕೊಂಡೇ ಬದುಕಿದ್ದಳು. ಬಾಗಿಲಲ್ಲಿ ಒಬ್ಬ ನಿಂತಿದ್ದನಂತೆ. “ನೀವು ಬಂದಿದ್ರೆ ನಾನು ಹೆಸ್ರು ಕೇಳ್ತಿದ್ದೆ” ಎಂದಳು. ಟೀ ಅವನ ಕೈಗೇ ವಾಪಸ್ಸು ಕೊಟ್ಟು ಒಳಗೆ ಹೋಗಿ ಕೂತಳು. ಗುಬ್ಬಿ ಬಂತು, ಹೋಯಿತು. ತುಮಕೂರು ಸ್ಟೇಷನ್ನಿನಲ್ಲಿ ಅವನು ಅವಳ ಬ್ಯಾಗಿಗೆ ಕೈ ಚಾಚಿದ. ಅವಳು ತಾನೇ ಎತ್ತಿಕೊಂಡು ನಡೆದಳು.

ಶುಕ್ರವಾರ ಯಶಸ್ವಿನಿ ಫೋನ್ ಮಾಡಿದಳು. ಸ್ಕ್ಯಾನ್ ಆಯಿತಂತೆ. ಲಿಗಮೆಂಟ್ ಸ್ವಲ್ಪ ಹರಿದಿದೆ, ರೆಸ್ಟ್ ತೆಗೆದುಕೊಂಡರೆ ಕೂಡಿಕೊಳ್ಳುತ್ತದೆ. ಅವತ್ತು ಇನ್ನೊಂದು ಸರದಿ ಓಡಿದ್ದರೆ ಪೂರ್ತಿ ಕಿತ್ತುಹೋಗುತ್ತಿತ್ತು ಎಂದರಂತೆ ಡಾಕ್ಟರು. ಹುಡುಗಿ ಸಾರಿ ಎಂದು ಅತ್ತಳು. ಷಡಕ್ಷರಿ ಸರ್ ಮನೆಗೆ ಬಂದು ನೋಡಿಕೊಂಡು ಹೋದರು, ಸೋಮವಾರ ಗುಲ್ಬರ್ಗಾಕ್ಕೆ ಹೊರಡುತ್ತಾರಂತೆ ಎಂದೂ ಹೇಳಿದಳು.

ಫೋನಿಟ್ಟ ಮೇಲೆ ಕೋಮಲಾ ಮಂಚದ ಅಂಚಿನಲ್ಲೇ ಕೂತಳು. ಈ ಸಲ ಅವನು ಒಳಗೆ ಹೋಗಿದ್ದ. ಹುಡುಗಿಯ ಪಕ್ಕ ಕೂತು ಮಾತಾಡಿಸಿದ್ದ. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದರೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಅವನೇನೋ ಕರೆಯುವವರಿಲ್ಲದೆ ಬಾಗಿಲಿನಿಂದ ವಾಪಸ್ಸು ಹೋದ. ತಾನು ಇಷ್ಟು ವರ್ಷದಲ್ಲಿ ಒಬ್ಬರನ್ನಾದರೂ ಕರೆದಿದ್ದುಂಟೆ?

ಭಾನುವಾರ ಬೆಳಗ್ಗೆ ಕುಣಿಗಲ್ ಬಸ್ಸು ಹತ್ತಿದಳು. ಕುಣಿಗಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಯಡಿಯೂರು ತಲುಪಿದಾಗ ಬಿಸಿಲೇರಿತ್ತು. ಹಣ್ಣುಕಾಯಿ ಅಂಗಡಿಗಳ ಸಾಲಿನಲ್ಲಿ ಸಿದ್ದಲಕ್ಷ್ಮಮ್ಮ ಯಾರೆಂದು ಕೇಳಬೇಕಾಗಲಿಲ್ಲ. ಮಗನ ಮೂಗು, ಮಗನ ಹಣೆ.

“ಪೂಜೆಗಾ ತಾಯಿ? ಒಂದ್ ಸೆಟ್ ಕೊಡ್ಲಾ?” ಎಂದರು ಆಕೆ.

“ಇಲ್ಲಮ್ಮ, ನಿಮ್ಮ ಮಗನ್ನ ನೋಡ್ಬೇಕಿತ್ತು.”

ಅಷ್ಟರಲ್ಲಿ ಷಡಕ್ಷರಿ ಬನಿಯನ್ ತೊಟ್ಟು ತೆಂಗಿನಕಾಯಿ ಮೂಟೆ ಹೊತ್ತು ಹಿಂದಿನಿಂದ ಬಂದ. ಅವಳನ್ನು ಕಂಡು, ಮೂಟೆ ಇಳಿಸುವುದೋ ಬಿಡುವುದೋ ತಿಳಿಯದೆ ನಿಂತುಬಿಟ್ಟ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಕೋಮಲಾಗೆ ಮರೆತುಹೋಗಿದ್ದವು. ಕೊನೆಯದೊಂದೇ ಉಳಿದಿತ್ತು.

“ರೈಲಲ್ಲಿ ಬೈದೆ. ಈಗ ಬೈಯೋಕೆ ಬಂದಿಲ್ಲ. ನನ್ನ ಮದ್ವೆ ಆಗ್ತೀರಾ ಅಂತ ಕೇಳೋಕೆ ಬಂದೆ.”

ಮೂಟೆ ಜಾರಿ ನೆಲಕ್ಕೆ ಬಿತ್ತು. ಎರಡು ಕಾಯಿ ಹೊರಳಿ ರಸ್ತೆಗೆ ಹೋದವು.

“ನಾಳೆ ಗುಲ್ಬರ್ಗಾಕ್ಕೆ ಹೋಗ್ಬೇಕು” ಎಂದ ಅವನು.

ಸಿದ್ದಲಕ್ಷ್ಮಮ್ಮ ಮಗನನ್ನೊಮ್ಮೆ, ಬೆವರಿ ನಿಂತ ಹೆಣ್ಣುಮಗಳನ್ನೊಮ್ಮೆ ನೋಡಿದರು. “ಲೇ ಷಡಕ್ಷರಿ, ಆಯಮ್ಮ ಕೇಳಿದ್ದೊಂದು, ನೀನು ಹೇಳೋದೊಂದು. ನೆಟ್ಟಗೆ ಉತ್ರ ಕೊಡೋ.”

“ಆಗ್ತೀನಿ” ಎಂದ. ಪಕ್ಕದ ಅಂಗಡಿಗೂ ಕೇಳದಷ್ಟು ಮೆಲ್ಲಗೆ. ಆದರೆ ಈ ಸಲ ಕಣ್ಣು ಅವಳ ಮುಖದ ಮೇಲೇ ಇತ್ತು, ಕೆಳಗಿಳಿಯಲಿಲ್ಲ.

“ಈಗ್ಲಾದ್ರೂ ಬಾಯ್ ಬಿಟ್ಟ, ಬುಡು” ಎಂದು ತಾಯಿ ಅವಳಿಗೆ ಕೂರಲು ಮಣೆ ಹಾಕಿದರು. ಯಾವೂರು, ಯಾರ ಮನೆಯವಳು ಎಂಬುದನ್ನೆಲ್ಲ ಬಾಳೆಹಣ್ಣು ಕೊಟ್ಟ ಮೇಲೇ ಕೇಳಿದರು.

ಬೇಸಿಗೆ ರಜೆಗೆ ಮದುವೆ ಎಂದಾಯಿತು. ಅದಕ್ಕಿನ್ನೂ ತಿಂಗಳುಗಳಿದ್ದವು. ಸೋಮವಾರ ಅವನು ಗುಲ್ಬರ್ಗಾದ ರೈಲು ಹತ್ತಿದ. ಅವಳಿಗೆ ಸ್ಕೂಲಿತ್ತು, ಕಳಿಸಲು ಹೋಗಲಾಗಲಿಲ್ಲ.

ಮಂಗಳವಾರ ಸಂಜೆ ಎಂದಿನಂತೆ ಬಾಗಿಲು ಹಾಕಿ ಕೂತಿದ್ದಳು. ಎಂದಿಗಿಂತ ಹೆಚ್ಚು ಒಂಟಿ ಅನ್ನಿಸುತ್ತಿತ್ತು. ಮೊದಲು ದೂರ ಹೋಗುವವರು ಯಾರೂ ಇರಲಿಲ್ಲ. ಆಗ ಮೊಬೈಲ್ ಹೊಡೆದುಕೊಂಡಿತು. ಕೆಲಸಕ್ಕೆ ಸೇರಿದ್ದಾಯಿತು, ಕಾಲೇಜಿನ ಹಿಂದೆಯೇ ರೂಮ್ ಸಿಕ್ಕಿತು, ಮೈದಾನದಲ್ಲಿ ಬರೀ ಕಲ್ಲು ಎಂದೆಲ್ಲ ಅವನು ಹೇಳಿದ. ಆಮೇಲೆ ಕೇಳಿದ.

“ನಿಮ್ದು ಊಟ ಆಯ್ತಾ?”

ಆ ರೂಮಿನಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಆಯ್ತು ಎನ್ನಲು ಹೋಗಿ, ಆಗಲಿಲ್ಲ.

“ಇಲ್ಲ. ಒಬ್ಳಿಗೇನು ಮಾಡೋದು ಅಂತ ಸುಮ್ನೆ ಕೂತಿದ್ದೆ.”

“ಹಂಗೆಲ್ಲ ಇರ್ಬೇಡಿ. ಏನಾದ್ರೂ ಮಾಡ್ಕೊಳಿ.”

“ಇನ್ನೂ ಬಹುವಚನಾನಾ?”

ಅವನು ಎಷ್ಟು ಹೊತ್ತಾದರೂ ತೆಗೆದುಕೊಳ್ಳಲಿ ಎಂದು ಅವಳು ಕಾದಳು.

“ಊಟ ಮಾಡು, ಕೋಮಲಾ” ಎಂದ.

ಅವಳು ಎದ್ದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಒಲೆ ಹಚ್ಚಿದಳು.