ಒಂಬತ್ತು ತಿಂಗಳು ಕಾಯುವ ಡಬ್ಬಿ

ಕಾರ್ಲೀನ್ ಮೂರನೆಯ ಸಲ ಅಪ್ಪನ ಮನೆಗೆ ಓಡಿಬಂದಾಗ ಅವಳ ಬಲಗಿವಿ ಕೇಳಿಸುತ್ತಿರಲಿಲ್ಲ. ಗಂಡ ಕೋಲ್ಬಿ ಅಂಗೈ ಬೀಸಿ ಕಿವಿಗೇ ಬಾರಿಸಿದ್ದ. ಹತ್ತು ದಿನ ಬಿಟ್ಟು ಅವನೇ ಬಂದು, ಟೋಪಿ ಕೈಯಲ್ಲಿ ಹಿಡಿದು ಕಣ್ಣೀರು ಹಾಕಿ, ಅವಳನ್ನು ಕರೆದುಕೊಂಡು ಹೊರಟ. ಅವಳು ಗಾಡಿ ಹತ್ತಿದ ಮೇಲೆ ಮೆಟ್ಟಿಲ ಬಳಿ ನಿಂತು ಮಾವನಿಗೆ ಮೆಲ್ಲಗೆ ಹೇಳಿದ: "ನೋಡಿ ಮಾವ, ಇವಳು ಇನ್ನೊಂದ್ಸಲ ಈ ಬಾಗಿಲು ತಟ್ಟಿದ್ರೆ, ನಾನು ಕರ್ಕೊಂಡ್ಹೋಗೋಕೆ ಬರೋದಿಲ್ಲ. ಬೇರೆ ಕೆಲ್ಸಕ್ಕೆ ಬರ್ತೀನಿ. ಅರ್ಥ ಆಯ್ತಲ್ಲ?"

ಹಾಯ್ಟ್ ಲೆಡ್‌ಫರ್ಡ್‌ಗೆ ಚೆನ್ನಾಗಿಯೇ ಅರ್ಥವಾಯಿತು. ಕೋರ್ಟು ಹಿಂದೊಮ್ಮೆ ಕೋಲ್ಬಿ ಅವಳ ಹತ್ತಿರ ಸುಳಿಯಬಾರದೆಂದು ಆದೇಶ ಕೊಟ್ಟಿತ್ತು. ಅದನ್ನು ಕಾರ್ಲೀನ್ ತಾನೇ ಹೋಗಿ ರದ್ದು ಮಾಡಿಸಿದ್ದಳು. ಶೆರೀಫನ ಗಾಡಿ ಅವಳ ಮನೆ ತಲುಪಲು ನಲವತ್ತು ನಿಮಿಷ ಬೇಕು. ಮಗಳು ಸಾಯುತ್ತಾಳೆ, ಬಹುಶಃ ಈ ಬೇಸಿಗೆಯೊಳಗೇ ಸಾಯುತ್ತಾಳೆ ಎಂದು ಹಾಯ್ಟ್ ತನಗೆ ತಾನೇ ಬಾಯಿಬಿಟ್ಟು ಹೇಳಿಕೊಂಡ. ಹಾಗೆ ಹೇಳಿಕೊಂಡ ಮೇಲೆ ಉಳಿದದ್ದು ದಾರಿ ಹುಡುಕುವುದಷ್ಟೇ.

ಓಕ್ಲಹೋಮಾದ ಆ ಸಣ್ಣ ಊರಿನಲ್ಲಿ ವಿಲ್ಮಾ ಗ್ಯಾಸ್ಕಿನ್ಸ್ ಎಂಬಾಕೆಯ ಬಂದೂಕಿನಂಗಡಿ. ಬಂದೂಕು ಮಾರುವುದು ವಿಲ್ಮಾ. ಸೈಲೆನ್ಸರಿನ ಕಾಗದಪತ್ರ ನೋಡಿಕೊಳ್ಳುವುದು ಹಾಯ್ಟ್. ಹತ್ತೊಂಬತ್ತು ವರ್ಷದಿಂದ ಅವನಿಗೆ ಅದೇ ಅನ್ನ, ಅದೇ ಹೆಸರು. ಬಂದೂಕು ಕೊಳ್ಳುವುದು ಅರ್ಧ ಗಂಟೆಯ ಕೆಲಸ. ಸದ್ದಡಗಿಸಲು ಅದರ ಬಾಯಿಗೆ ತಿರುಗಿಸಿ ಹಾಕುವ ಗೇಣುದ್ದದ ಕೊಳವೆಗೆ ಮಾತ್ರ ರಾಜೋಪಚಾರ. ಗಿರಾಕಿಗಳು ಅದನ್ನು ಡಬ್ಬಿ ಎನ್ನುತ್ತಾರೆ. ಡಬ್ಬಿಗೆ ಐನೂರರಿಂದ ಸಾವಿರ ಡಾಲರು, ಅದರ ಮೇಲೆ ಸರ್ಕಾರಕ್ಕೆ ಇನ್ನೂರು ಡಾಲರು ತೆರಿಗೆ. ಹತ್ತು ಬೆರಳಿನ ಗುರುತು ಒತ್ತಬೇಕು, ಫೋಟೋ ಅಂಟಿಸಬೇಕು, ಅರ್ಜಿಯ ಒಂದು ಪ್ರತಿ ಶೆರೀಫನಿಗೂ ಹೋಗಬೇಕು. ಆಮೇಲೆ ಅನುಮತಿಗೆ ಕಾಯಬೇಕು. ಒಂಬತ್ತು ತಿಂಗಳು ಸಾಮಾನ್ಯ. ಹದಿಮೂರು ತಿಂಗಳು ಕಾದವರೂ ಉಂಟು. ಅಲ್ಲಿಯವರೆಗೆ ದುಡ್ಡು ಕೊಟ್ಟವನ ಡಬ್ಬಿ ಅಂಗಡಿಯ ಹಿಂದಿನ ಕೋಣೆಯ ತಿಜೋರಿಯಲ್ಲೇ ಬಿದ್ದಿರುತ್ತದೆ. ತಿಜೋರಿಗೆ ಊರವರು ಇಟ್ಟ ಹೆಸರು ಜೈಲು. ಬೇಕಾದವರು ಶನಿವಾರ ಬಂದು, ಅಂಗಡಿಯ ಹಿತ್ತಲಲ್ಲಿ ತಮ್ಮ ಡಬ್ಬಿ ಹಾಕಿ ನಾಲ್ಕು ಗುಂಡು ಹಾರಿಸಿ, ಮತ್ತೆ ಜೈಲಿಗೆ ಒಪ್ಪಿಸಿ ಹೋಗಬಹುದು.

"ನನ್ನ ಹೆಂಡ್ತಿ ನಾಲ್ಕು ಹೆತ್ಲು, ಒಂದಕ್ಕೂ ಇಷ್ಟು ಕಾಯಿಸ್ಲಿಲ್ಲ ಕಣಯ್ಯಾ," ಎಂದಿದ್ದ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಬಕ್ಲಿ, ಕೋಲ್ಬಿ ಬಂದುಹೋದ ವಾರದ ಮಂಗಳವಾರ ಬೆರಳಿಗೆ ಮಸಿ ಹಚ್ಚಿಸಿಕೊಳ್ಳುತ್ತಾ.

"ಹೆಣ್ಣೋ ಗಂಡೋ ಅಂತ ಈಗ್ಲೇ ಗೊತ್ತಲ್ಲ, ಸುಮ್ನೆ ಕೂತ್ಕೋ," ಎಂದ ಹಾಯ್ಟ್. ಅವನ ಅರ್ಜಿಯನ್ನು ಎರಡು ಸಲ ಓದಿ, ಮಧ್ಯಾಹ್ನದೊಳಗೆ ಕಂಪ್ಯೂಟರಿನಲ್ಲಿ ಕಳಿಸಿದ.

ಕೋಲ್ಬಿ ಭಾನುವಾರ ಬೆಳಿಗ್ಗೆ ತನ್ನ ಚಿಕ್ಕಪ್ಪನ ಹೊಲದ ಕೆರೆಯಲ್ಲಿ ಒಬ್ಬನೇ ಮೀನು ಹಿಡಿಯುತ್ತಾನೆ. ಸುತ್ತ ಮರ, ಗಾಡಿ ಮರೆಮಾಡಲು ಹಳೆಯ ಕಲ್ಲುಗಣಿ, ಎಲ್ಲ ಅನುಕೂಲ. ತೊಡಕು ಒಂದೇ. ಕೆರೆಯಾಚೆ ಓಪಲ್ ಎಂಬ ಮುದುಕಿ ಇದ್ದಾಳೆ. ಕಳ್ಳಬೇಟೆಯವರು ತನ್ನ ಹೊಲಕ್ಕೆ ಬರುವ ಜಿಂಕೆ ಹೊಡೆದರೆಂದು ಅವಳಿಗೆ ಸಿಟ್ಟು. ಎಲ್ಲಿ ಗುಂಡಿನ ಸದ್ದು ಕೇಳಿದರೂ ಗಡಿಯಾರ ನೋಡಿ ಬರೆದಿಟ್ಟು ಶೆರೀಫನಿಗೆ ಫೋನು ಮಾಡುತ್ತಾಳೆ. ಸದ್ದು ಅಡಗಿತೋ, ಕೆಲಸ ಮುಗಿಯಿತು.

ಹಾಯ್ಟ್ ತನ್ನ ಹೆಸರಿನಲ್ಲೇ ಡಬ್ಬಿ ಕೊಂಡರೆ ಅವನ ಹತ್ತು ಬೆರಳೂ ಸರ್ಕಾರದ ಕಡತದಲ್ಲಿ ಕೂರುತ್ತವೆ, ಮಗಳೂ ಅಷ್ಟು ದಿನ ಬದುಕಿರುವುದಿಲ್ಲ. ಕದ್ದು ಮಾರುವವರ ಹತ್ತಿರ ಹೋದರೆ ಅವರಲ್ಲಿ ಅರ್ಧ ಜನ ಪೊಲೀಸರೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಕಣ್ಣೆದುರಿಗೇ ಇದೆ ಎಂದು ಅವನಿಗೆ ಹೊಳೆದದ್ದು ತಿಜೋರಿಯ ಬಾಗಿಲು ತೆರೆದು ನಿಂತಿದ್ದಾಗ. ಒಳಗೆ ನಲವತ್ತೊಂದು ಡಬ್ಬಿ. ಒಂದೊಂದಕ್ಕೂ ಒಬ್ಬೊಬ್ಬ ಒಡೆಯ. ಬೀಗದ ಕೈ ಇರುವುದು ಎರಡು, ವಿಲ್ಮಾಳದೊಂದು ಅವನದೊಂದು. ಭಾನುವಾರ, ಸೋಮವಾರ ಅಂಗಡಿಗೆ ರಜೆ. ಶನಿವಾರ ಸಂಜೆ ಹೊರಟ ಡಬ್ಬಿ ಮಂಗಳವಾರ ಬೆಳಿಗ್ಗೆ ಮರಳಿದರೆ, ಅದು ಜೈಲು ಬಿಟ್ಟು ಕದಲಿತ್ತೆಂದು ಹೇಳಲು ಸಾಕ್ಷಿಯೇ ಇಲ್ಲ. ಬೀಗ ಹಾಕಿದ ತಿಜೋರಿಯೊಳಗೆ ಕೊಲೆಯ ಸಾಧನ ಹುಡುಕುವ ಪೊಲೀಸನನ್ನು ಅವನು ಕಂಡಿರಲಿಲ್ಲ.

ಯಾವ ಡಬ್ಬಿ ಎಂದೂ ಯೋಚಿಸಿದ. ಅನುಮತಿಗೆ ಹತ್ತಿರವಾದದ್ದು ಬೇಡ. ಎಲ್ಲಕ್ಕಿಂತ ಹೊಸ ಅರ್ಜಿ ಬಕ್ಲಿಯದು. ಬರುವ ಚಳಿಗಾಲದವರೆಗೆ ಅದನ್ನು ಕೇಳುವವರಿಲ್ಲ. ಅಷ್ಟರಲ್ಲಿ ಬಕ್ಲಿಯೇ ಎಷ್ಟೋ ಶನಿವಾರ ಬಂದು ಗುಂಡು ಹಾರಿಸಿ, ಒಳಗೆ ಗುಂಡಿನ ಮಸಿ ಉಳಿದಿದ್ದರೆ ಅದಕ್ಕೆ ತಾನೇ ಕಾರಣವಾಗುತ್ತಾನೆ. ಈ ಯೋಚನೆ ಬಂದಾಗ ಹಾಯ್ಟ್‌ಗೆ ತನ್ನ ಬುದ್ಧಿಯ ಬಗ್ಗೆ ಸಣ್ಣ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಬಂದೂಕಿನ ಚಿಂತೆ ಇರಲಿಲ್ಲ. ಮೂವತ್ತು ವರ್ಷದ ಹಿಂದೆ ಯಾರದೋ ಮನೆಯಂಗಳದ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡದ್ದು. ಕೊಲ್ಲುವ ಬಂದೂಕಿಗೆ ಒಂದು ಚೂರು ಕಾಗದವಿಲ್ಲ, ಅದರ ಸದ್ದಡಗಿಸುವ ಡಬ್ಬಿಗೆ ಕಂತೆ ಕಾಗದ. ಬಂದೂಕು ನದಿಗೆ, ಡಬ್ಬಿ ತಿಜೋರಿಗೆ.

ಶನಿವಾರ ಐದೂವರೆಗೆ ಡಬ್ಬಿ ಅವನ ಬುತ್ತಿ ಪೆಟ್ಟಿಗೆಯಲ್ಲಿ ಹೊರಬಂತು. ಭಾನುವಾರ ಎಂಟು ಗಂಟೆಗೆ ಕೋಲ್ಬಿ ಗಾಳಕ್ಕೆ ಹುಳ ಸಿಕ್ಕಿಸುತ್ತಾ ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ನಿಂತಿತು. ಆಚೆ ದಡದಲ್ಲಿ ಓಪಲ್ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. ಹಾಯ್ಟ್ ಕಲ್ಲುಗಣಿಯಿಂದ ಗಾಡಿ ತೆಗೆದು, ದಾರಿಯಲ್ಲಿ ಬಂದೂಕನ್ನು ನದಿಗೆ ಎಸೆದ. ಸಂಜೆ ಕೂತು ಡಬ್ಬಿಯನ್ನು ಒರೆಸಿ ತಿಕ್ಕಿ ಹೊಸದರಂತೆ ಮಾಡಿದ.

ಸೋಮವಾರ ಬೆಳಿಗ್ಗೆ ಚಿಕ್ಕಪ್ಪನಿಗೆ ಹೆಣ ಸಿಕ್ಕಿತು. ಮಧ್ಯಾಹ್ನ ಕಾರ್ಲೀನ್ ಬಂದಳು. ಅವಳು ಇಷ್ಟು ಅಳುತ್ತಾಳೆಂದು ಹಾಯ್ಟ್ ಎಣಿಸಿರಲಿಲ್ಲ. ಹೊಡೆದವನಿಗಾಗಿ ಅತ್ತಳು, ಮದುವೆಯಾದ ವರ್ಷ ಅವನು ಕಟ್ಟಿಕೊಟ್ಟ ಕೋಳಿಗೂಡಿನ ಮಾತೆತ್ತಿ ಅತ್ತಳು. ಹಾಯ್ಟ್ ಫೋನು ಆರಿಸಿಟ್ಟು ಅವಳ ಪಕ್ಕದಲ್ಲೇ ಕೂತ. ಮಲಗುವ ಮುಂಚೆ ಅವಳು ಅಭ್ಯಾಸದಂತೆ ಕುರ್ಚಿ ಎಳೆದು ಬಾಗಿಲಿಗೆ ಒತ್ತಲು ಹೋದಳು.

"ಬೇಡ ಮಗಳೇ," ಎಂದ. "ಇನ್ಮೇಲೆ ಅದೆಲ್ಲ ಬೇಡ."

"ನೀನು ಇಲ್ಲೇ ಇರ್ತೀಯಲ್ಲಪ್ಪಾ?"

"ಇನ್ನೆಲ್ಲಿಗೆ ಹೋಗ್ಲಿ? ಮಲಕ್ಕೋ."

ಅವಳು ಕೇಳಿಸುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದಳು. ಅಷ್ಟು ನಿಶ್ಚಿಂತೆಯಿಂದ ಅವಳು ಮಲಗಿ ಎಷ್ಟು ತಿಂಗಳಾಗಿತ್ತೋ.

ಮಂಗಳವಾರ ಹಾಯ್ಟ್ ಎಂದಿನಂತೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ, ಬುತ್ತಿ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದ. ಒಳಗೆ ಆಗಲೇ ದೀಪ ಉರಿಯುತ್ತಿತ್ತು. ಕೌಂಟರಿನ ಹಿಂದೆ ವಿಲ್ಮಾ ನಿಂತಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು. ಮುಂದೆ ಬಕ್ಲಿ, ಪಕ್ಕದಲ್ಲಿ ಶೆರೀಫನ ಕಡೆಯ ಒಬ್ಬ ಪೊಲೀಸು. "ನಿನ್ನೆ ಮಧ್ಯಾಹ್ನದಿಂದ ಫೋನ್ ಮಾಡ್ತಾನೇ ಇದ್ದೆ ಹಾಯ್ಟ್," ಎಂದಳು ವಿಲ್ಮಾ. "ಬಕ್ಲಿಗೆ ಅನುಮತಿ ಬಂತು ಅಂತ ಅಂಗಡಿ ತೆಗ್ದು ನೋಡಿದ್ರೆ ಜೈಲಲ್ಲಿ ಡಬ್ಬಿ ಇಲ್ಲ. ಕಳೆದದ್ದು ಗೊತ್ತಾದ ಕೂಡ್ಲೇ ತಿಳಿಸ್ಬೇಕು ಅಂತ ಕಾಯ್ದೆ ಇದೆಯಲ್ಲ, ತಿಳಿಸ್ದೆ." ಪೊಲೀಸು ಟೋಪಿ ತೆಗೆದು, "ಅಳಿಯನ ವಿಷ್ಯ ಕೇಳ್ದೆ, ಬೇಜಾರಾಯ್ತು ಹಾಯ್ಟ್. ಬೀಗದ ಕೈ ಇದ್ದವರ ಸಾಮಾನೆಲ್ಲ ನೋಡ್ಲೇಬೇಕು, ತಪ್ಪು ತಿಳೀಬೇಡಿ," ಎಂದು ಬುತ್ತಿ ಪೆಟ್ಟಿಗೆಯ ಕಡೆ ಕೈ ಚಾಚಿದ. ಬಕ್ಲಿಗೆ ಇದಾವುದರ ಗೊಡವೆಯೂ ಇರಲಿಲ್ಲ. ಕಾಗದ ಬಿಡಿಸಿ ಹಾಯ್ಟ್‌ನ ಮುಖದ ಮುಂದೆ ಹಿಡಿದ. "ಆರೇ ದಿನ ಕಣಯ್ಯಾ! ಮೊನ್ನೆಯಿಂದ ಹೊಸ ಪದ್ಧತಿ ಮಾಡವ್ರಂತೆ. ತಪ್ಪಿರೋ ಅರ್ಜಿ ಮಾತ್ರ ಪಕ್ಕಕ್ಕಿಟ್ಟು ಕಾಯಿಸ್ತಾರಂತೆ, ಸರಿಯಾಗಿರೋದನ್ನ ಬಂದಹಾಗೇ ಬಿಡ್ತಾರಂತೆ. ನೀನು ತುಂಬಿದ್ರಲ್ಲಿ ಒಂದು ಚುಕ್ಕೆಯಷ್ಟೂ ತಪ್ಪಿರ್ಲಿಲ್ಲ."